ಮುಂದಿನ ಚಕ್ರದ ಕಟಕಟ ಸದ್ದು: ಸಿವಿ ಜಾಯಿಂಟ್ ಕುರಿತ ಪ್ರಶ್ನೋತ್ತರ

ಫೋರ್ ವೀಲ್ ಡ್ರೈವ್ ಗಾಡಿಗಳ ಮುಂದಿನ ಆಕ್ಸಲ್ ಬಗ್ಗೆ ಮಳೆಗಾಲದ ನಂತರ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಹೊಲದ ಕೆಲಸಕ್ಕೆಂದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಕೊಂಡಿದ್ದೇನೆ. ಈ ಮಳೆಗಾಲದ ನಂತರ, ಡಾಂಬರು ರಸ್ತೆಯಿಂದ ಹೊಲದ ದಾರಿಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದಿಂದ ಕಟಕಟ ಎಂಬ ಸದ್ದು ಬರುತ್ತಿದೆ. ನೇರವಾಗಿ ಹೋಗುವಾಗ ಇಲ್ಲ. ಒಬ್ಬ ಮೆಕ್ಯಾನಿಕ್ ಇಡೀ ಆಕ್ಸಲ್ ಬದಲಿಸಬೇಕೆನ್ನುತ್ತಾರೆ, ಇನ್ನೊಬ್ಬರು ಗ್ರೀಸ್ ತುಂಬಿದರೆ ಸಾಕೆನ್ನುತ್ತಾರೆ. ಯಾರ ಮಾತು ಸರಿ?
ಓದುಗರೊಬ್ಬರು, ನವಲಗುಂದ ತಾಲ್ಲೂಕು

ಉತ್ತರ: ನೀವು ಹೇಳಿದ ಲಕ್ಷಣ ಹೊರಗಿನ ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಸಮವೇಗದ) ಜಾಯಿಂಟಿನದು, ಅಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನಲ್ಲಿ ಚಕ್ರದ ಕಡೆಯ ತುದಿಗಿರುವ ಜಾಯಿಂಟಿನದು. ಮುಂದಿನ ಚಕ್ರ ಎಂಜಿನ್ನಿನ ಶಕ್ತಿಯನ್ನು ಪಡೆಯುತ್ತಲೇ ಸ್ಟಿಯರಿಂಗ್ ಹೇಳಿದತ್ತ ಹೊರಳಬೇಕು, ತಗ್ಗು ಬಂದರೆ ಮೇಲೆ ಕೆಳಗೆ ಆಡಲೂ ಬೇಕು. ಈ ಜಾಗಕ್ಕೆ, ಗಾಡಿಯ ಉದ್ದಕ್ಕೂ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನಲ್ಲಿರುವಂಥ ಸಾದಾ ಕ್ರಾಸ್ ಜಾಯಿಂಟ್ ಹಾಕಿದರೆ, ಶಾಫ್ಟ್ ಬಾಗಿದಾಗ ಚಕ್ರ ಒಂದೇ ಸಮನಾಗಿ ತಿರುಗುವುದಿಲ್ಲ; ಪ್ರತಿ ಸುತ್ತಿನಲ್ಲಿ ಎರಡು ಸಲ ಅದರ ವೇಗ ಏರಿ ಎರಡು ಸಲ ಇಳಿಯುತ್ತದೆ, ಕೋನ ಹೆಚ್ಚಿದಷ್ಟೂ ಈ ಏರಿಳಿತ ಜೋರಾಗುತ್ತದೆ. ಇದಕ್ಕೆ ಪರಿಹಾರವಾಗಿ ಅಮೆರಿಕದ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ 1920ರ ದಶಕದಲ್ಲಿ ರೂಪಿಸಿದ ಜಾಯಿಂಟೇ ಇಂದಿಗೂ ಹೆಚ್ಚಿನ ಗಾಡಿಗಳ ಹೊರತುದಿಯಲ್ಲಿದೆ. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿನಿಂದ ಅದು ಸಾಮಾನ್ಯರ ಕಾರುಗಳಿಗೂ ಬಂದಿತು. ಒಳಗಿನ ಮತ್ತು ಹೊರಗಿನ ಉಕ್ಕಿನ ಬಟ್ಟಲುಗಳ ನಡುವೆ ಕೊರೆದ ಹಾದಿಗಳಲ್ಲಿ ಸಾಮಾನ್ಯವಾಗಿ ಆರು ಗುಂಡುಗಳಿರುತ್ತವೆ. ಶಾಫ್ಟ್ ಎಷ್ಟೇ ಬಾಗಲಿ, ಗುಂಡುಗಳನ್ನು ಹಿಡಿದ ಕೇಜು ಅವುಗಳನ್ನು ಎರಡೂ ಶಾಫ್ಟುಗಳ ನಡುವಿನ ಕೋನದ ಸರಿ ಅರ್ಧದಲ್ಲಿ ನಿಲ್ಲಿಸುವುದರಿಂದ ಎರಡೂ ಕಡೆಯ ವೇಗ ಸಮನಾಗಿರುತ್ತದೆ.

ಗಾಡಿ ನೇರವಾಗಿ ಹೋಗುವಾಗ ಗುಂಡುಗಳು ತಮ್ಮ ಹಾದಿಯಲ್ಲಿ ಹೆಚ್ಚು ಕದಲುವುದಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿದಾಗ ಅವು ಹಾದಿಯ ಉದ್ದಕ್ಕೂ ಹಿಂದೆ ಮುಂದೆ ಓಡಾಡುತ್ತವೆ. ಹಾದಿ ಸವೆದು ಗುಳಿ ಬಿದ್ದಿದ್ದರೆ ಗುಂಡು ಗುಳಿಗೆ ಇಳಿದು ಏರುವಾಗ ಸದ್ದಾಗುತ್ತದೆ, ಚಕ್ರ ವೇಗವಾಗಿ ತಿರುಗಿದಷ್ಟೂ ಸದ್ದು ಒತ್ತೊತ್ತಾಗಿ ಬರುತ್ತದೆ.

ಇನ್ನು ನಿಮ್ಮ ಇಬ್ಬರು ಮೆಕ್ಯಾನಿಕ್‌ಗಳ ಮಾತು. ಗ್ರೀಸ್ ತುಂಬಿದರೆ ಕೆಲವು ದಿನ ಸದ್ದು ತಗ್ಗಬಹುದು, ಆದರೆ ಉಕ್ಕಿಗೆ ಬಿದ್ದ ಗುಳಿ ಗ್ರೀಸಿನಿಂದ ಮುಚ್ಚುವುದಿಲ್ಲ. ಹಾಗೆಂದು ಇಡೀ ಆಕ್ಸಲನ್ನು, ಅಂದರೆ ಡ್ರೈವ್ ಶಾಫ್ಟನ್ನೇ ಬದಲಿಸಬೇಕೆಂದೂ ಇಲ್ಲ. ಶಾಫ್ಟಿನ ಇನ್ನೊಂದು ತುದಿಯ ಒಳಗಿನ ಜಾಯಿಂಟ್ ಮತ್ತು ಶಾಫ್ಟಿನ ಹಲ್ಲುಗಳು ಚೆನ್ನಾಗಿದ್ದರೆ, ಹಲವು ಮಾಡೆಲ್‌ಗಳಿಗೆ ಹೊರಗಿನ ಜಾಯಿಂಟ್ ಮಾತ್ರ ಬೂಟ್ (ಅದರ ರಬ್ಬರ್ ಹೊದಿಕೆ), ಗ್ರೀಸ್, ಕ್ಲಾಂಪ್ ಸಮೇತ ಸಿಗುತ್ತದೆ. ಆದ್ದರಿಂದ ಖರ್ಚಿಗೆ ಒಪ್ಪುವ ಮೊದಲು ಜಾಯಿಂಟನ್ನು ಬಿಚ್ಚಿಸಿ, ಒರೆಸಿ, ಗುಂಡು ಓಡಾಡುವ ಹಾದಿಯನ್ನು ಬೆಳಕಿನಲ್ಲಿ ನೀವೇ ನೋಡಿ. ಉಗುರು ಆಡಿಸಿದಾಗ ತಡೆದರೆ ಆ ಜಾಯಿಂಟಿನ ಆಯುಷ್ಯ ಮುಗಿದಿದೆ ಎಂದೇ ತಿಳಿಯಬೇಕು.

ಯಾವ ಚಕ್ರದ ಸದ್ದು ಎಂದು ತಿಳಿಯಲು ಫೋರ್ ಹೈಗೆ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಸಾಮಾನ್ಯ ಗೇರಿಗೆ) ಹಾಕಿ ಡಾಂಬರಿನ ಮೇಲೆ ಸುತ್ತು ಹೊಡೆಯಬೇಡಿ. ಬೇಕಾದಾಗ ಮಾತ್ರ ಹಾಕಿಕೊಳ್ಳುವ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಕಟ್ಟಿಹೋಗಿರುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಕ್ರಮಿಸಬೇಕಾದ್ದರಿಂದ ಗಟ್ಟಿ ನೆಲದಲ್ಲಿ ಆ ಬಿಗಿತವೆಲ್ಲ ಜಾಯಿಂಟು ಮತ್ತು ಗೇರುಗಳ ಮೇಲೆ ಬೀಳುತ್ತದೆ. ಬೆಳೆ ತೆಗೆದ ಸಡಿಲ ಮಣ್ಣಿನ ಹೊಲದಲ್ಲಿ, ನಡಿಗೆಯ ವೇಗದಲ್ಲಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುತ್ತಿ, ಹೊರಗೆ ಒಬ್ಬರನ್ನು ದೂರದಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳಿ. ಸಾಮಾನ್ಯವಾಗಿ ತಿರುವಿನ ಹೊರಮಗ್ಗುಲಿನ ಜಾಯಿಂಟೇ ಹೆಚ್ಚು ಸದ್ದು ಮಾಡುತ್ತದೆ. ಆದರೂ ಎರಡೂ ಕಡೆಯ ಬೂಟ್ ನೋಡದೆ ತೀರ್ಮಾನಿಸಬಾರದು.

ಈ ತೊಂದರೆಯ ಮೂಲ ಬಹುತೇಕ ಬೂಟಿನಲ್ಲೇ ಇರುತ್ತದೆ, ಅಂದರೆ ಜಾಯಿಂಟನ್ನು ಮುಚ್ಚಿರುವ ಮಡಿಕೆ ಮಡಿಕೆಯ ರಬ್ಬರಿನಲ್ಲಿ. ನಮ್ಮ ಎರೆ ಭೂಮಿಯ ಮಣ್ಣು ಹಸಿಯಿದ್ದಾಗ ಆ ಮಡಿಕೆಗಳಲ್ಲಿ ಮೆತ್ತಿಕೊಂಡು, ಒಣಗಿದ ಮೇಲೆ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಶಾಫ್ಟ್ ತಿರುಗಿ ರಬ್ಬರ್ ಬಾಗಿದಾಗಲೆಲ್ಲ ಆ ಒಣ ಮಣ್ಣಿನ ಅಂಚು ಉಜ್ಜುತ್ತದೆ. ಹತ್ತಿ ಕಿತ್ತ ಹೊಲದ ಕೂಳೆ, ಜಾಲಿ ಮುಳ್ಳು ಸೇರಿದರೆ ಬೂಟ್ ಸೀಳಲು ತಡವಿಲ್ಲ. ಮೊದಲು ಗ್ರೀಸ್ ಹೊರಗೆ ಸಿಡಿಯುತ್ತದೆ, ಆಮೇಲೆ ನೀರು ಮತ್ತು ಮಣ್ಣು ಒಳಹೋಗುತ್ತವೆ. ಹೊಲದಿಂದ ಬಂದ ಸಂಜೆಯೇ, ಮಣ್ಣು ಹಸಿಯಿದ್ದಾಗಲೇ ಸಾದಾ ಪೈಪಿನ ನೀರಿನಿಂದ ಬೂಟ್ ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನ ಜೋರು ನೀರನ್ನು ಕ್ಲಾಂಪಿನ ಬಾಯಿಗೆ ಹಿಡಿಸಬೇಡಿ. ತುಕ್ಕು ಹಿಡಿಯದಿರಲೆಂದು ಗಾಡಿಯ ಕೆಳಗೆ ಎಣ್ಣೆ ಹೊಡೆಸುವ ರೂಢಿಯಿದೆಯಲ್ಲ, ಅದು ಬೂಟಿನ ರಬ್ಬರಿಗೆ ತಾಗದಂತೆ ನೋಡಿಕೊಳ್ಳಿ.

ಕೆಸರಿನಲ್ಲಿ ಸಿಕ್ಕಿಬಿದ್ದಾಗ ಸ್ಟಿಯರಿಂಗ್ ಪೂರ್ತಿ ತಿರುಗಿಸಿಟ್ಟು, ಫೋರ್ ಲೋನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರಿನಲ್ಲಿ) ಆಕ್ಸಲರೇಟರ್ ಒತ್ತುವುದಂತೂ ಗಟ್ಟಿಮುಟ್ಟಾದ ಜಾಯಿಂಟನ್ನೂ ಒಡೆಯಬಲ್ಲದು. ಫೋರ್ ಲೋ ಚಕ್ರಕ್ಕೆ ಹೋಗುವ ಬಲವನ್ನು ಎರಡು ಪಟ್ಟಿಗಿಂತಲೂ ಹೆಚ್ಚಿಸುತ್ತದೆ, ಪೂರ್ತಿ ಬಾಗಿದ ಜಾಯಿಂಟ್ ತೀರ ದುರ್ಬಲ ಸ್ಥಿತಿಯಲ್ಲಿರುತ್ತದೆ. ಜಾರುತ್ತ ಗಿರಗಿರ ತಿರುಗುವ ಚಕ್ರಕ್ಕೆ ಫಕ್ಕನೆ ಹಿಡಿತ ಸಿಕ್ಕರೆ ಆ ಪೆಟ್ಟನ್ನು ಮೊದಲು ತಿನ್ನುವುದೂ ಅದೇ. ಚಕ್ರ ನೇರ ಮಾಡಿಕೊಂಡು, ಮುಂದಿನ ಮಣ್ಣನ್ನು ಸಲಿಕೆಯಿಂದ ತೆಗೆದು, ನಿಧಾನವಾಗಿ ಹೊರಡಿಸಿ.

ಪ್ರಶ್ನೆ: ಸರ್ವೀಸಿಗೆ ಬಿಟ್ಟಾಗ ಬೂಟ್ ಸೀಳಿದೆ ಎಂದರು. ಸದ್ದೇನೂ ಇಲ್ಲ. ಸುಗ್ಗಿ ಮುಗಿಯುವವರೆಗೆ ತಡೆಯಬಹುದೇ? ಗ್ರೀಸ್ ಯಾವುದು ಹಾಕಿಸಬೇಕು?
ಓದುಗರೊಬ್ಬರು, ಗದಗ

ಉತ್ತರ: ತಡೆಯಬೇಡಿ. ಜಾಯಿಂಟನ್ನು ಉಳಿಸಿಕೊಳ್ಳಲು ಸಾಧ್ಯವಿರುವ ಸಮಯವೇ ಇದು. ಸೀಳಿದಲ್ಲಿಂದ ಚೂರು ಗ್ರೀಸ್ ತೆಗೆದು ಎರಡು ಬೆರಳುಗಳ ನಡುವೆ ತಿಕ್ಕಿ ನೋಡಿ. ಕಪ್ಪಾಗಿ, ನುಣ್ಣಗಿದ್ದರೆ ಗಾಬರಿ ಬೇಡ, ಏಕೆಂದರೆ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಈ ಗ್ರೀಸ್ ಹೊಸತಿದ್ದಾಗಲೂ ಕಪ್ಪೇ. ಮರಳು ತಗುಲಿದಂತಾದರೆ ಅಥವಾ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಮಣ್ಣೋ ನೀರೋ ಒಳಹೊಕ್ಕಿದೆ ಎಂದರ್ಥ.

ಶಾಫ್ಟನ್ನು ಹೊರತೆಗೆದು, ಜಾಯಿಂಟಿನ ಹಳೆಯ ಗ್ರೀಸನ್ನೆಲ್ಲ ತೊಳೆದು, ಪೂರ್ತಿ ಒಣಗಿಸಿ, ಹೊಸ ಬೂಟ್ ಹಾಕಬೇಕು. ಬೂಟ್ ಕಿಟ್ಟಿನಲ್ಲಿ ಬರುವ ಪೊಟ್ಟಣದ ಗ್ರೀಸ್ ಅಷ್ಟನ್ನೂ ಬಳಸಬೇಕು, ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಇಲ್ಲಿ ಸಲ್ಲದು. ಒಳಗಿನ ಮತ್ತು ಹೊರಗಿನ ಜಾಯಿಂಟುಗಳಿಗೆ ಕಂಪನಿ ಬೇರೆ ಬೇರೆ ಗ್ರೀಸ್ ಹೇಳಿದ್ದರೆ ಅದನ್ನೇ ಅನುಸರಿಸಿ. ಸಣ್ಣ ಕ್ಲಾಂಪ್ ಬಿಗಿಯುವ ಮೊದಲು ಬೂಟಿನೊಳಗೆ ತುಂಬಿಕೊಂಡ ಗಾಳಿಯನ್ನು ಬಿಡಬೇಕು, ಇಲ್ಲವಾದರೆ ರಬ್ಬರ್ ಉಬ್ಬಿ ಉಜ್ಜುತ್ತದೆ. ಚಕ್ರದ ನಡುವಿನ ಹಬ್ಬಿನ (ಹಬ್) ನಟ್ಟನ್ನು ಅಂದಾಜಿನಲ್ಲಿ ಬಿಗಿಯದೆ ಕಂಪನಿ ಹೇಳಿದ ಅಳತೆಗೆ ಟಾರ್ಕ್ ಸ್ಪ್ಯಾನರ್ ಹಿಡಿದು ಬಿಗಿಯಲು ಹೇಳಿ. ಹಲವು ಗಾಡಿಗಳಲ್ಲಿ ವೀಲ್ ಬೇರಿಂಗಿನ ಬಿಗಿಯೂ ಅದೇ ನಟ್ಟಿನ ಮೇಲೆ ನಿಂತಿರುತ್ತದೆ. ಅದೇ ಕಾರಣಕ್ಕೆ ಶಾಫ್ಟ್ ತೆಗೆದಿಟ್ಟ ಗಾಡಿಯನ್ನು ಚಕ್ರದ ಮೇಲೆ ದೂಡಿ ಸರಿಸಲೂ ಬಾರದು.

ಪ್ರಶ್ನೆ: ಸಸ್ಪೆನ್ಷನ್ ಎತ್ತರಿಸಿದ ಮೇಲೆ ಆಕ್ಸಲರೇಟರ್ ಒತ್ತಿದಾಗ ಗಾಡಿ ನಡುಗುತ್ತದೆ, ಬಿಟ್ಟರೆ ನಡುಕ ನಿಲ್ಲುತ್ತದೆ. ಟೈರ್ ಬ್ಯಾಲೆನ್ಸಿಂಗ್ ಮಾಡಿಸಿದ್ದೇನೆ.
ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಬ್ಯಾಲೆನ್ಸಿಂಗ್ ದೋಷದ ನಡುಕ ವೇಗಕ್ಕೆ ಅಂಟಿಕೊಂಡಿರುತ್ತದೆ, ಆಕ್ಸಲರೇಟರ್ ಬಿಟ್ಟ ಮಾತ್ರಕ್ಕೆ ನಿಲ್ಲುವುದಿಲ್ಲ. ಒತ್ತಿದಾಗ ಮಾತ್ರ ಬರುವ ನಡುಕಕ್ಕೆ ಒಳಗಿನ ಜಾಯಿಂಟನ್ನು ಶಂಕಿಸಬೇಕು. ಹೆಚ್ಚಿನ ಗಾಡಿಗಳಲ್ಲಿ ಅದು ಮೂರು ರೋಲರ್‌ಗಳ ಟ್ರೈಪಾಡ್ ಜಾಯಿಂಟ್. ಶಾಫ್ಟಿನ ಉದ್ದ ಹೆಚ್ಚು ಕಡಿಮೆಯಾಗಲು ಅವಕಾಶ ಕೊಡುವುದು ಅದರ ಕೆಲಸ, ಹೊರಗಿನದರಷ್ಟು ಕೋನವನ್ನು ಅದು ತಾಳುವುದಿಲ್ಲ. ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಯನ್ನು ಎತ್ತರಿಸಿದರೆ ಶಾಫ್ಟ್ ನೇರ ರಸ್ತೆಯಲ್ಲೂ ಸದಾ ಬಾಗಿಯೇ ಇರುತ್ತದೆ, ಬೂಟಿನ ಮಡಿಕೆಗಳೂ ಒಂದಕ್ಕೊಂದು ಉಜ್ಜುತ್ತವೆ. ಎತ್ತರವನ್ನು ಮೊದಲಿನಂತೆ ಮಾಡಿಸುವುದೇ ನನ್ನ ಸಲಹೆ. ಅದು ಬೇಡವೆಂದರೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನೂ ಕೆಳಗಿಳಿಸುವ ಕಿಟ್ ನಿಮ್ಮ ಮಾಡೆಲಿಗೆ ಸಿಗುತ್ತದೆಯೇ ವಿಚಾರಿಸಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸಡಿಲಾಗಿದ್ದರೂ ಇಂಥದೇ ನಡುಕ ಬರಬಹುದಾದ್ದರಿಂದ ಮೊದಲು ಅದನ್ನು ಕೈಯಿಂದ ಅಲುಗಿಸಿ ನೋಡಿಸಿ.

ಪ್ರಶ್ನೆ: ನನ್ನ ಮಾರುತಿ ಜಿಪ್ಸಿಯ ಮುಂದಿನ ಚಕ್ರದ ಬಳಿ ಬೂಟೇ ಕಾಣುವುದಿಲ್ಲ. ಅದರಲ್ಲಿ ಸಿವಿ ಜಾಯಿಂಟ್ ಇದೆಯೇ?
ಓದುಗರೊಬ್ಬರು, ಧಾರವಾಡ

ಉತ್ತರ: ಇದೆ. ಜಿಪ್ಸಿಯ ಮುಂದಿನದು ಗಟ್ಟಿ ಆಕ್ಸಲ್. ಚಕ್ರದ ಒಳಗಡೆ ಕಾಣುವ ಚೆಂಡಿನಾಕಾರದ ನಕಲ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೆಣ್ಣು) ಒಳಗೆ ಜಾಯಿಂಟ್ ಅಡಗಿದೆ. ಆ ಚೆಂಡಿನ ಮೇಲೆ ತೆಳುವಾಗಿ ಗ್ರೀಸಿನ ಪಸೆ ಇರುವುದು ಸಹಜ. ಎಣ್ಣೆಯಂತೆ ನೀರಾದ ಗ್ರೀಸ್ ಅಲ್ಲಿಂದ ಇಳಿದು ಚಕ್ರದವರೆಗೆ ಬಂದಿದ್ದರೆ, ಆಕ್ಸಲ್ ಒಳಗಿನ ಸೀಲ್ ಹೋಗಿ ಡಿಫರೆನ್ಷಿಯಲ್ಲಿನ ಗೇರ್ ಆಯಿಲ್ ನಕಲ್ ಒಳಗೆ ಬೆರೆಯುತ್ತಿದೆ. ಆಗ ಒಳಗಿನ ಸೀಲನ್ನೂ ಹೊರಗಿನ ಒರೆಸುವ ಸೀಲನ್ನೂ ಒಟ್ಟಿಗೆ ಬದಲಿಸಿ, ನಕಲ್ ತೊಳೆದು ಹೊಸ ಗ್ರೀಸ್ ತುಂಬಿಸಿ, ಡಿಫರೆನ್ಷಿಯಲ್ಲಿನ ಆಯಿಲ್ ಮಟ್ಟವನ್ನೂ ಅಂದೇ ನೋಡಿಸಬೇಕು.