ಎಲ್ಲಾ ಪುಕ್ಕಟೆ, ಬಸ್ಸೊಂದು ಬಿಟ್ಟು

ನೀನು ಬೆಂಗಳೂರಿನಿಂದ ಎರಡು ಪ್ರಶ್ನೆ ಕೇಳಿದ್ದಿ. ಮಕ್ಕಳನ್ನು ಕರೆದುಕೊಂಡು ಬಂದರೆ ಬೇಕಲ ಕೋಟೆ ಬಿಟ್ಟು ಖರ್ಚಿಲ್ಲದೆ ನೋಡಲು ಕಾಸರಗೋಡಿನಲ್ಲಿ ಏನಾದರೂ ಇದೆಯಾ? ಅಲ್ಲಿ ಕನ್ನಡ ನಡೆಯುತ್ತಾ?

ಎರಡನೆಯದನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಕನ್ನಡ ಪೇಪರಿನಿಂದ ತಲೆ ಎತ್ತಿ, ಕನ್ನಡಕ ಸರಿ ಮಾಡಿಕೊಂಡು, "ಯಾರು ಕೇಳಿದ್ದು?" ಅಂದರು. ಹೆಸರು ಹೇಳಲಿಲ್ಲ, ನಿನಗೆ ಊಟ ಸಿಗಬೇಕಲ್ವಾ.

ನಡೆಯುತ್ತದೆ ಮಾರಾಯ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲವೂ ನಡೆಯುತ್ತವೆ. ಗೇಟಿನ ಹತ್ತಿರ ಮೀನು ಬಂದರೆ ಅಮ್ಮ ಒಂದೇ ವ್ಯಾಪಾರದಲ್ಲಿ ಮೂರು ಭಾಷೆ ಮುಗಿಸುತ್ತಾರೆ. ಚೌಕಾಸಿ ಮಾತ್ರ ಯಾವಾಗಲೂ ತುಳುವಿನಲ್ಲಿ.

ಬೇಕಲಕ್ಕೆ ಟಿಕೆಟ್ ಉಂಟು, ಹದಿನೈದರೊಳಗಿನ ಮಕ್ಕಳಿಗೆ ಇಲ್ಲ. ಅದನ್ನು ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ. ನಿಮ್ಮ ಆಫೀಸಿನವರು ಅದರ ಮುಂದೆ ನಿಂತು ಫೋಟೋ ತೆಗೆದು "ಕೇರಳ ಡೈರೀಸ್" ಅಂತ ಹಾಕುತ್ತಾರಲ್ಲ, ಅವರಿಗೆ ಇಷ್ಟು ಹೇಳು ಸಾಕು. ಅದೇ ಕಾಲದ ಚಂದ್ರಗಿರಿ ಕೋಟೆ ಪೇಟೆಗೆ ಇನ್ನೂ ಹತ್ತಿರ. ಸಂಜೆ ಹೋಗಬೇಕು. ಕೆಳಗೆ ಹೊಳೆ, ಆಚೆ ಕಡಲು. ಈ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿತ್ತು. ಸೇರಲಿಲ್ಲ. ಮಗಳು ಚಿಕ್ಕವಳಿದ್ದಾಗ ಕೋಟೆ ಮೇಲೆ ನಿಂತು, "ಹಾಗಾದ್ರೆ ಗೆರೆ ಎಲ್ಲಿ?" ಅಂತ ನೀರನ್ನೇ ನೋಡುತ್ತಿದ್ದಳು.

ಕಡಲಿನ ವಿಷಯ ಬಿಡು, ಪಡುವಣಕ್ಕೆ ನಡೆದರೆ ಎಲ್ಲಿ ಬೇಕಾದರೂ ಸಿಗುತ್ತದೆ.

ಮಕ್ಕಳಿಗೆ ಅಂತ ಕೇಳಿದರೆ ನಾನು ಮೊದಲು ಹೇಳುವುದು ಅನಂತಪುರ. ಕುಂಬಳೆಯಿಂದ ಬದಿಯಡ್ಕ ದಾರಿಯಲ್ಲಿ ನಾಯ್ಕಾಪಿನಲ್ಲಿ ಇಳಿದು ಒಳಗೆ ಹೋಗಬೇಕು. ಸುತ್ತ ಮುರಕಲ್ಲಿನ ಬೋಳು ಪಾದೆ, ನಡುವೆ ಕೆರೆ, ಕೆರೆಯ ನಡುವೆ ದೇವಸ್ಥಾನ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಅಂತ ನಂಬಿಕೆ. ಆದರೆ ಮಕ್ಕಳು ಹೋಗುವುದು ಮೊಸಳೆಗೆ. ಬಬಿಯಾ ಅಂತ ಇತ್ತು, ನೈವೇದ್ಯದ ಅನ್ನ ತಿನ್ನುತ್ತಿತ್ತು. 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಊರಿಗೆ ಊರೇ ನೋಡಲು ಹೋಗಿತ್ತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಎಲ್ಲಿಂದ ಬಂತು ಅಂತ ನನ್ನನ್ನು ಕೇಳಬೇಡ, ಅಮ್ಮನನ್ನು ಕೇಳಿದರೆ ಒಂದು ಗಂಟೆ ಬೇಕು. ಹೋದ ಕೂಡಲೇ ಕಾಣುವ ಗ್ಯಾರಂಟಿ ಇಲ್ಲ. ಮಕ್ಕಳು ನೀರು ನೋಡುತ್ತಾ ಅರ್ಧ ಗಂಟೆ ಸುಮ್ನೆ ಕೂರುತ್ತಾರೆ, ಫೋನ್ ಕೇಳುವುದಿಲ್ಲ. ಅದಕ್ಕೆ ನಿಮ್ಮಲ್ಲಿ ಎಷ್ಟು ಕೊಡಬೇಕು ಹೇಳು.

ಮಧೂರಿನ ಗಣಪತಿ, ಅಲ್ಲಿಯ ಅಪ್ಪ ಪ್ರಸಾದ ನಿನಗೆ ಗೊತ್ತಿರುವುದೇ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಉಂಟು. ಕನ್ನಡದ ಮೊದಲ ರಾಷ್ಟ್ರಕವಿಯ ಮನೆ ಯಾವ ರಾಜ್ಯದಲ್ಲಿದೆ ಅಂತ ನಿನ್ನ ಮಗನನ್ನು ಕೇಳಿ ನೋಡು, ಮಜಾ ಇರುತ್ತದೆ.

ಚಳಿಗಾಲದಲ್ಲಿ ಬಂದರೆ ಆಟ ಉಂಟು. ಆಟ ಅಂದರೆ ಕ್ರಿಕೆಟ್ ಅಲ್ಲ, ಯಕ್ಷಗಾನ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಸೀಮೆ ಇದು. ಯಾರದೋ ಹರಕೆ, ಯಾರದೋ ಗದ್ದೆ, ಊರಿಗೆಲ್ಲ ಆಮಂತ್ರಣ, ಎಷ್ಟೋ ಕಡೆ ಊಟವೂ ಸೇರಿ. ಟಿಕೆಟ್ ಎಲ್ಲಿ ಅಂತ ಕೇಳಿ ಮರ್ಯಾದೆ ತೆಗೆಯಬೇಡ. ಮನೆಯಲ್ಲಿ ಮಲಯಾಳ ಮಾತಾಡುವವರೂ ನನ್ನ ಪಕ್ಕದಲ್ಲಿ ಕೂತು ಅರ್ಥಗಾರಿಕೆಗೆ, ಅಂದರೆ ವೇಷದವರ ಕನ್ನಡ ಮಾತಿಗೆ, ತಲೆದೂಗುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಆ ಕನ್ನಡ ಅರ್ಥವಾಗುತ್ತದಾ? ಸುಮ್ನೆ ಕೇಳಿದೆ.

ಹೀಗೆ ಎಲ್ಲಾ ಪುಕ್ಕಟೆ. ತಕರಾರು ಇರುವುದು ಬಸ್ಸಿನಲ್ಲಿ.

ಇಲ್ಲಿ ಎಷ್ಟೋ ಬಸ್ಸುಗಳ ಬೋರ್ಡು ಬರೀ ಮಲಯಾಳದಲ್ಲಿ. ಅಮ್ಮ ಮಲಯಾಳ ಮಾತಾಡುತ್ತಾರೆ, ಅಕ್ಷರ ಬರುವುದಿಲ್ಲ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ಅದಕ್ಕೆ ಬಸ್ಸುಗಳನ್ನು ಗುರುತಿಟ್ಟುಕೊಂಡಿದ್ದಾರೆ. ಹಸಿರು ಪಟ್ಟಿಯದ್ದು ಕುಂಬಳೆಗೆ, ಗಾಜಿನ ಮೇಲೆ ದೊಡ್ಡ ಗರುಡ ಇರುವುದು ಮಧೂರಿಗೆ. ಒಮ್ಮೆ ಮೈಸೂರಿನಿಂದ ಬಂದ ಅತ್ತೆಯನ್ನೂ ಅವರ ಮೊಮ್ಮಕ್ಕಳನ್ನೂ ಕರೆದುಕೊಂಡು ಗರುಡನ ಬಸ್ಸು ಹತ್ತಿದರು. ಆ ವಾರವೇ ಗರುಡನ ರೂಟು ಬದಲಾಗಿತ್ತು. ಎಲ್ಲರೂ ಚೆರ್ಕಳದಲ್ಲಿ ಇಳಿದು, ಬಿಸಿಲಿನಲ್ಲಿ ನಿಂತು, ನನಗೆ ಫೋನ್ ಮಾಡಿದರು. "ನಿಮ್ಮೂರಲ್ಲೇ ನಿಮಗೆ ಬಸ್ಸು ಗೊತ್ತಿಲ್ವಾ?" ಅಂತ ಅತ್ತೆ ಇವತ್ತಿಗೂ ಹೇಳಿ ನಗುತ್ತಾರೆ. ಅಮ್ಮ ನಗುವುದಿಲ್ಲ.

2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂಬ ಕಾನೂನು ಬಂದಾಗ ನಾವು ಪ್ರತಿಭಟನೆಗೆ ಹೋದವರು. ನಾನೂ ಬೋರ್ಡು ಹಿಡಿದಿದ್ದೆ, ಅದು ಕನ್ನಡದಲ್ಲಿತ್ತು. ಈಗ ಮಗಳು ಶಾಲೆಯಲ್ಲಿ ಮಲಯಾಳ ಕಲಿತಿದ್ದಾಳೆ. ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಯ ಕೈ ಹಿಡಿದುಕೊಂಡು ಪಟಪಟ ಓದಿ ಹೇಳುತ್ತಾಳೆ. ನನಗೆ ಖುಷಿಯಾಗಬೇಕಾ, ಬೇಜಾರಾಗಬೇಕಾ? ಎರಡೂ ಆಗುತ್ತದೆ. ಬಸ್ಸಂತೂ ಸಿಗುತ್ತದೆ.

ಸರಿ, ಈ ಕಡೆ ಹೀಗೆ. ಆ ಕಡೆ ಏನು? ನಿಮ್ಮಲ್ಲಿ 2023ರ ಜೂನ್‌ನಿಂದ ಸರಕಾರಿ ಬಸ್ಸು ಹೆಂಗಸರಿಗೆ ಫ್ರೀ. ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋದೆ. ಮಂಗಳೂರಿನಲ್ಲಿ ಬಸ್ಸು ಹತ್ತಿದೆವು. ಬೋರ್ಡು ಕನ್ನಡದಲ್ಲಿ! ಅಮ್ಮ ಯಾರನ್ನೂ ಕೇಳದೆ ಓದಿ ಹತ್ತಿದರು, ಕಿಟಕಿ ಸೀಟು ಹಿಡಿದರು, ಮುಖ ಅರಳಿತ್ತು. ಕಂಡಕ್ಟರ್ ಆಧಾರ್ ನೋಡಿದ. "ಅಮ್ಮಾ, ಇದು ಕೇರಳದ ವಿಳಾಸ. ಟಿಕೆಟ್ ತಗೊಳ್ಳಿ." ಅವನ ತಪ್ಪಲ್ಲ, ನಿಯಮ ಹಾಗಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುತ್ತಿದ್ದರು. ಪಕ್ಕದ ಹೆಂಗಸಿಗೆ ಸೊನ್ನೆ ಟಿಕೆಟ್ ಸಿಕ್ಕಿತು. ಅದನ್ನು ಇಸಿದುಕೊಂಡು ನೋಡಿದ ಅಮ್ಮ, "ಅಕ್ಷರ ಎಷ್ಟು ಚಂದ ಬಂದಿದೆ" ಅಂದು ವಾಪಸ್ ಕೊಟ್ಟರು.

ಇಲ್ಲಿ ಕನ್ನಡದವರು, ಅಲ್ಲಿ ಕೇರಳದವರು. ನೀವು ಯಾವ ಕಡೆಯವರು ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸುಸ್ತಾಗಿದೆ. ನೀನು "ಅಲ್ಲಿ ಕನ್ನಡ ನಡೆಯುತ್ತಾ" ಅಂತ ಕೇಳಿದಾಗ ಸಿಟ್ಟು ಜಾಸ್ತಿ ಬಂದಿದ್ದು ಅದಕ್ಕೇ. ಬೇಜಾರು ಮಾಡಿಕೊಳ್ಳಬೇಡ.

ಡಿಸೆಂಬರ್ ರಜೆಯಲ್ಲಿ ಬಾ. ಮಂಗಳೂರು ದಾರಿಯಾಗಿ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಲ್ಲಿ. ಸ್ಟೇಷನ್ನಿಗೆ ನಾನೂ ಮಗಳೂ ಬರುತ್ತೇವೆ. ಬೋರ್ಡು ಓದುವುದು ಅವಳ ಕೆಲಸ, ಟಿಕೆಟ್ ತೆಗೆಯುವುದು ನನ್ನದು. ನಿನ್ನ ಹೆಂಡತಿಗೂ ಸೇರಿಸಿ ತೆಗೆಯುತ್ತೇನೆ, ಅವಳ ಆಧಾರ್ ಇಲ್ಲಿ ನಡೆಯುವುದಿಲ್ಲ.