ಹಾಸ್ಯ ಸರಣಿಯಲ್ಲಿ ಕ್ಯಾಮೆರಾ ಹಿಡಿದವರು ಯಾರು?

ಪ್ರಶ್ನೆ: ನಾವು ಐದು ಜನ ಸೇರಿ ಕಲ್ಯಾಣ ಮಂಟಪವೊಂದರ ಸಿಬ್ಬಂದಿಯ ಬಗ್ಗೆ ಆರು ಕಂತಿನ ವೆಬ್ ಸರಣಿ ಮಾಡಬೇಕೆಂದಿದ್ದೇವೆ, ಮಾಕ್ಯುಮೆಂಟರಿ ಶೈಲಿಯಲ್ಲಿ, ಅಂದರೆ ಕಟ್ಟುಕಥೆಯನ್ನೇ ನಿಜವಾದ ಸಾಕ್ಷ್ಯಚಿತ್ರದ ಹಾಗೆ ತೋರಿಸಿ ನಗಿಸುವ ರೀತಿಯಲ್ಲಿ. ಒಂದು ದೃಶ್ಯ ತೆಗೆದು ನೋಡಿದೆವು. ಕ್ಯಾಮೆರಾ ಅಲ್ಲಾಡುತ್ತದೆ ಅನ್ನುವುದು ಬಿಟ್ಟರೆ ಮಾಮೂಲಿ ಧಾರಾವಾಹಿಯ ಹಾಗೇ ಇದೆ. ಏನು ತಪ್ಪಾಗಿದೆ? (ಓದುಗರು, ದಾವಣಗೆರೆ)

ಉತ್ತರ: ನಿಮ್ಮ ಪತ್ರದಲ್ಲಿ ಒಂದು ವಿಷಯ ಬಂದೇ ಇಲ್ಲ. ಕಥೆಯೊಳಗೆ ಈ ಚಿತ್ರ ತೆಗೆಯುತ್ತಿರುವವರು ಯಾರು, ಯಾತಕ್ಕೆ? ಅದು ಗೊತ್ತಿಲ್ಲದಿದ್ದರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಅದರ ಮುಂದೆ ಯಾರು ಏನು ಮುಚ್ಚಿಡುತ್ತಾರೆ ಅನ್ನುವುದೂ ಗೊತ್ತಾಗುವುದಿಲ್ಲ. ಮಂಟಪಕ್ಕೆ ಐವತ್ತು ವರ್ಷ ತುಂಬಿದ್ದಕ್ಕೆ ಮಾಲೀಕರೇ ಸಾಕ್ಷ್ಯಚಿತ್ರ ಮಾಡಿಸುತ್ತಿದ್ದಾರೆ ಅಂದುಕೊಳ್ಳಿ. ಆಗ ಮ್ಯಾನೇಜರ್‌ನಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ ಎಲ್ಲರಿಗೂ ಚೆನ್ನಾಗಿ ಕಾಣಿಸಿಕೊಳ್ಳುವ ಆಸೆ ಹುಟ್ಟುತ್ತದೆ. ನಗು ಹುಟ್ಟುವುದು ಆ ಆಸೆಯಿಂದಲೇ.

2001ರಲ್ಲಿ ಬಿಬಿಸಿಯಲ್ಲಿ ಬಂದ ಇದೇ ಶೈಲಿಯ ಹಾಸ್ಯ ಸರಣಿ ‘ದಿ ಆಫೀಸ್’ ಅಣಕಿಸಿದ್ದು ಬ್ರಿಟಿಷ್ ಪ್ರೇಕ್ಷಕರು ಅದಾಗಲೇ ಟಿವಿಯಲ್ಲಿ ನೋಡಿ ನೋಡಿ ಪಳಗಿದ್ದ ರೂಪವನ್ನು: ಕಚೇರಿ, ವಿಮಾನ ನಿಲ್ದಾಣಗಳ ದಿನಚರಿಯ ಸಾಕ್ಷ್ಯಚಿತ್ರ ಸರಣಿಗಳನ್ನು. ಹಿನ್ನೆಲೆಯಲ್ಲಿ ನಗುವಿನ ಸದ್ದಿಲ್ಲ. ಎಲ್ಲಿ ನಗಬೇಕೆಂದು ಯಾರೂ ಹೇಳಿಕೊಡುವುದಿಲ್ಲ, ನೋಡುವವರೇ ಹಿಡಿಯಬೇಕು. ಈ ಪ್ರಕಾರದ ರುಚಿ ಇರುವುದೇ ಅಲ್ಲಿ. ನಮ್ಮವರು ಪಳಗಿರುವುದು ಸುದ್ದಿವಾಹಿನಿಯವರು ಕ್ಯಾಮೆರಾ ಮುಂದೆ ಹೇಳಿಸುವ ಚಿಕ್ಕ ಹೇಳಿಕೆಯಲ್ಲಿ, ಅಂದರೆ ಬೈಟ್‌ನಲ್ಲಿ. ಮೈಕ್ ಮುಂದೆ ಹಿಡಿದ ಕೂಡಲೇ ಕನ್ನಡಿಗನ ಬಾಯಲ್ಲಿ ‘ಈ ಸಂದರ್ಭದಲ್ಲಿ ಹೇಳಲು ಇಚ್ಛಿಸುತ್ತೇನೆ’ ತಾನಾಗಿ ಬರುತ್ತದಲ್ಲ, ನಿಮ್ಮ ದೊಡ್ಡ ಬಂಡವಾಳ ಅದು. ಬೈಟ್ ಗ್ರಂಥದ ಕನ್ನಡದಲ್ಲಿರಲಿ, ದೃಶ್ಯ ದಾವಣಗೆರೆಯ ಮಾತಲ್ಲಿರಲಿ.

ಬೈಟ್‌ನಲ್ಲಿ ಮ್ಯಾನೇಜರ್: ‘ನಮ್ಮ ಭೋಜನ ವ್ಯವಸ್ಥೆಯಲ್ಲಿ ಗುಣಮಟ್ಟಕ್ಕೆ ಮೊದಲ ಆದ್ಯತೆ ನೀಡಲಾಗುತ್ತದೆ.’ ಕಟ್. ಅಡುಗೆ ಮನೆ ಬಾಗಿಲು ಅರ್ಧ ತೆರೆದಿದೆ. ಅದೇ ದನಿ: ‘ಏ, ಅನ್ನ ಸೀದೈತಲೇ! ಮ್ಯಾಲಿಂದ ಮ್ಯಾಲೆ ಬಡ್ಸು, ತಳ ಮುಟ್ಟಬ್ಯಾಡ.’

ಇದನ್ನೇ ತಿರುಗಿಸಿ, ಅನ್ನ ಸೀದಿದ್ದನ್ನು ಮೊದಲು ತೋರಿಸಿ ‘ಅವತ್ತು ಅನ್ನ ಸೀದುಹೋಗಿತ್ತು, ನನಗೆ ಟೆನ್ಷನ್ ಆಯ್ತು’ ಎಂದು ಬೈಟ್ ಹಾಕಿದರೆ ಸತ್ತೇಹೋಯಿತು. ಕಂಡದ್ದನ್ನೇ ವಿವರಿಸುವ ಬೈಟನ್ನು ಎಡಿಟಿಂಗ್‌ನಲ್ಲಿ ಮುಲಾಜಿಲ್ಲದೆ ಕಿತ್ತುಹಾಕಿ. ಉಳಿದದ್ದು ಹದಿನೈದು ಸೆಕೆಂಡ್ ದಾಟದಿರಲಿ. ದೃಶ್ಯಗಳೆಲ್ಲ ಮುಗಿದ ಮೇಲೆ ಬೈಟ್ ತೆಗೆಯಿರಿ. ಯಾವುದು ಬೇಕು, ಯಾವುದು ಬೇಡ ಅನ್ನುವುದು ಆಗಲೇ ಗೊತ್ತಾಗುವುದು. ಪ್ರಶ್ನೆ ಕೇಳುವವರು ಲೆನ್ಸಿನ ಪಕ್ಕದಲ್ಲೇ, ನಟರ ಕಣ್ಣಿನ ಎತ್ತರಕ್ಕೆ ಕೂರಲಿ. ದೃಶ್ಯದಲ್ಲಿ ಹಾಕಿದ್ದ ಅಂಗಿಯೇ ಬೈಟ್‌ನಲ್ಲೂ ಇರಬೇಕಲ್ಲ, ಅದರ ಫೋಟೊ ಮಾತ್ರ ಮರೆಯದೆ ತೆಗೆದಿಟ್ಟುಕೊಳ್ಳಿ.

ಇನ್ನು ನಿಮ್ಮ ಅಲ್ಲಾಡುವ ಕ್ಯಾಮೆರಾ. ಅದು ಬೇಕೆಂದೇ ಅಲ್ಲಾಡುತ್ತಿದೆ, ತೊಂದರೆ ಅದೇ. ನಿಜವಾದ ಛಾಯಾಗ್ರಾಹಕನಿಗೆ ಮುಂದೆ ಯಾರು ಮಾತಾಡುತ್ತಾರೆಂದು ಗೊತ್ತಿರುವುದಿಲ್ಲ. ದನಿ ಕೇಳಿದ ಮೇಲೆ ತಿರುಗುತ್ತಾನೆ, ಅರ್ಧ ಸೆಕೆಂಡ್ ತಡವಾಗಿ ಜೂಮ್ ಮಾಡುತ್ತಾನೆ. ಆದ್ದರಿಂದ ನಟರಿಗೆ ರಿಹರ್ಸಲ್ ಕೊಡಿ, ಕ್ಯಾಮೆರಾದವರಿಗೆ ಕೊಡಬೇಡಿ. ಮೊದಲ ಟೇಕ್ ಅವರು ಕಣ್ಣಾರೆ ಹುಡುಕಿಕೊಂಡು ತೆಗೆಯಲಿ. ಎರಡು ಕ್ಯಾಮೆರಾ ಇದ್ದರೆ ಎರಡೂ ಒಂದೇ ಬದಿಯಲ್ಲಿರಲಿ. ಎದುರುಬದುರು ನಿಂತವರ ಮುಖಗಳನ್ನು ಧಾರಾವಾಹಿಯ ಹಾಗೆ ಒಂದಾದ ಮೇಲೊಂದು ತೋರಿಸಿದರೆ, ‘ಆ ಇನ್ನೊಂದು ಕ್ಯಾಮೆರಾ ಯಾಕೆ ಕಾಣಲಿಲ್ಲ?’ ಅನ್ನುವ ಅನುಮಾನ ನೋಡುವವರಿಗೆ ತಟ್ಟಿಯೇ ತಟ್ಟುತ್ತದೆ. ನೀವು ತೆಗೆದ ದೃಶ್ಯ ಧಾರಾವಾಹಿಯಂತೆ ಕಂಡದ್ದು ಬಹುಶಃ ಇದರಿಂದಲೇ.

ಗುಟ್ಟಿನ ಮಾತಿಗೆ ಪಾತ್ರಗಳು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳಲಿ. ಕ್ಯಾಮೆರಾ ಹೊರಗೆ, ಕಿಟಕಿಯ ಸರಳಿನ ಹತ್ತಿರ. ಕಾಲರ್ ಮೈಕ್ ತೆಗೆಯಲು ಮರೆತಿದ್ದಾರೆ. ಚಿತ್ರ ದೂರದ್ದು, ದನಿ ಕಿವಿಯ ಪಕ್ಕದ್ದು. ಇದು ಹಳೇ ಉಪಾಯವೇ, ಆದರೂ ಕೆಲಸ ಕೊಡುತ್ತದೆ.

ಪ್ರಶ್ನೆ: ಪಾತ್ರಗಳು ಎಷ್ಟು ಸಲ ಕ್ಯಾಮೆರಾ ನೋಡಬಹುದು?

ಉತ್ತರ: ಎಷ್ಟು ಸಲ ಅನ್ನುವುದಕ್ಕಿಂತ ಯಾಕೆ ಅನ್ನುವುದನ್ನು ನೋಡಿ. 2005ರಿಂದ 2013ರವರೆಗೆ ಬಂದ ಅಮೆರಿಕದ ‘ಆಫೀಸ್’ನಲ್ಲಿ ಗುಮಾಸ್ತ ಜಿಮ್ ಕ್ಯಾಮೆರಾ ನೋಡುವುದು ‘ನೋಡಿದ್ರಾ ನನ್ನ ಪಾಡು’ ಎಂದು. ಮ್ಯಾನೇಜರ್ ಮೈಕಲ್ ನೋಡುವುದು ಸಿಕ್ಕಿಬಿದ್ದಾಗ. ನಿಮ್ಮಲ್ಲೂ ಪ್ರತಿಯೊಬ್ಬರ ನೋಟಕ್ಕೆ ಒಂದೊಂದು ಕಾರಣ ಇಡಿ, ಒಬ್ಬರು ಮಾತ್ರ ಕಡೇ ಕಂತಿನವರೆಗೆ ನೋಡದೇ ಇರಲಿ. ಅಮೆರಿಕದ್ದೇ ಇನ್ನೊಂದು ಸರಣಿ ‘ಮಾಡರ್ನ್ ಫ್ಯಾಮಿಲಿ’ಯಲ್ಲಿ ಚಿತ್ರ ತೆಗೆಯುವವರು ಯಾರೆಂದು ಹೇಳದೆಯೇ ಹನ್ನೊಂದು ಸೀಸನ್ ಸಾಗಿತು ನಿಜ. ಮೊದಲ ಸಲ ಮಾಡುವವರು ಆ ಸಾಹಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಪ್ರಶ್ನೆ: ಖರ್ಚು ನಿಜಕ್ಕೂ ಕಡಿಮೆಯೆ?

ಉತ್ತರ: ಲೈಟಿನಲ್ಲಿ ಉಳಿಯುತ್ತದೆ, ಎಡಿಟಿಂಗ್‌ನಲ್ಲಿ ಹೋಗುತ್ತದೆ. ಟ್ಯೂಬ್‌ಲೈಟ್ ಬೆಳಕಲ್ಲೇ ತೆಗೆಯುವುದಾದರೆ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಬೇರೆ ಲೆಕ್ಕದಲ್ಲಿ ಚಿತ್ರ ಮಿಣುಕಬಹುದು. ಉಳಿದ ದುಡ್ಡನ್ನು ಮೈಕಿಗೆ ಹಾಕಿ. ಹಾಗೆಯೇ, ಮಾತಿನ ದೃಶ್ಯ ತೆಗೆಯುವಾಗ ವಾಲಗ ನುಡಿಸಬೇಡಿ: ಮಾತಿನ ಹಿಂದೆ ವಾಲಗ ಸೇರಿಬಿಟ್ಟರೆ ಎರಡು ಟೇಕ್‌ಗಳನ್ನು ಜೋಡಿಸಲು ಬರುವುದಿಲ್ಲ. ವಾಲಗದವರು ಕೈ-ಬಾಯಿ ಆಡಿಸುತ್ತಿರಲಿ, ನಾದ ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಸೇರಿಸಿ.