ಸಂಪ್‌ನೊಳಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಎಷ್ಟು ದಿನ ಇಡಬೇಕು?

ಒಂದು ದಿನವೂ ಬೇಡ. ಈಗಲೇ ಅಕ್ಕಿ ಡಬ್ಬದಿಂದ ಆಚೆ ತೆಗೆಯಿರಿ. ಆನ್ ಆಗುತ್ತಾ ನೋಡೋಣ ಅಂತ ಬಟನ್ ಒತ್ತಬೇಡಿ. ಚಾರ್ಜರ್ ಅಂತೂ ಹಾಕಲೇಬೇಡಿ.

ನೀವು ಬರೆದಿರುವುದು ಇಷ್ಟು. ನಿನ್ನೆ ರಾತ್ರಿ ಸಂಪ್‌ನಲ್ಲಿ ನೀರು ಎಷ್ಟಿದೆ ಅಂತ ಫೋನಿನ ಟಾರ್ಚ್ ಹಾಕಿ ಬಗ್ಗಿ ನೋಡುವಾಗ ಕೈಜಾರಿ ಬಿತ್ತು. ಮೇಲೆ ತೆಗೆದಾಗ ಟಾರ್ಚ್ ಇನ್ನೂ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗೇ ಆಫ್ ಆಯಿತು. ಮನೆ ಬೆಂಗಳೂರಿನ ನಾಗರಬಾವಿಯಲ್ಲಿ, ಸಂಪ್‌ಗೆ ಕಾವೇರಿ ನೀರೂ ಬರುತ್ತೆ, ಬೋರ್‌ವೆಲ್ ನೀರೂ ಬರುತ್ತೆ. ಈ ಕೊನೆಯ ಮಾತು ಬರೆದದ್ದು ಒಳ್ಳೆಯದಾಯಿತು. ಯಾವ ನೀರಿಗೆ ಬಿತ್ತು ಅನ್ನುವುದನ್ನು ನಾನು ಮೊದಲು ಕೇಳುತ್ತೇನೆ.

ನಾನು ಗಾಂಧಿನಗರದ ಕಡೆ ಮೊಬೈಲ್ ರಿಪೇರಿ ಕೆಲಸ ಮಾಡುತ್ತೇನೆ. ನೀರಿಗೆ ಬಿದ್ದ ಸೆಟ್‌ಗಳು ವರ್ಷಪೂರ್ತಿ ಬರುತ್ತವೆ, ಮಳೆ ಶುರುವಾದರೆ ಇನ್ನೂ ಜಾಸ್ತಿ. ಹೆಚ್ಚಿನವು ನೀರಿಗೆ ಬಿದ್ದದ್ದರಿಂದ ಹಾಳಾದವಲ್ಲ, ಬಿದ್ದ ಮೇಲೆ ಕಾದದ್ದರಿಂದ ಹಾಳಾದವು. ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಶುದ್ಧ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದೇ ಇಲ್ಲ. ಹರಿಸುವುದು ನೀರಿನಲ್ಲಿ ಕರಗಿರುವ ಲವಣಗಳು. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ನಲ್ಲಿ ಮೇಲೆ, ಬಕೆಟ್ ಒಳಗೆ ಬಿಳಿ ಕಲೆ ಕಟ್ಟುತ್ತದಲ್ವಾ? ನೀರು ಆರಿದ ಮೇಲೆ ಅದೇ ಬಿಳಿ ಪದರ ಫೋನಿನ ಬೋರ್ಡ್ (ಚಿಪ್‌ಗಳೆಲ್ಲ ಕೂತಿರುವ ಒಳಗಿನ ಹಲಗೆ) ಮೇಲೂ ಉಳಿಯುತ್ತದೆ. ಅದರ ಜೊತೆಗೆ ಬ್ಯಾಟರಿಯ ಕರೆಂಟ್ ಸೇರಿದರೆ ತಾಮ್ರ ಕರಗಿ ಒಂದು ಪಿನ್‌ನಿಂದ ಪಕ್ಕದ ಪಿನ್‌ಗೆ ಹಬ್ಬುತ್ತದೆ. ಅಲ್ಲಿಂದ ಶಾರ್ಟ್. ಫೋನ್ ಸ್ವಿಚ್ ಆಫ್ ಆಗಿದ್ದರೂ ಬ್ಯಾಟರಿ ಬೋರ್ಡಿಗೆ ಸೇರಿಕೊಂಡೇ ಇರುತ್ತದೆ, ಕೆಲವು ಭಾಗಗಳಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಹಳೇ ಫೋನುಗಳಲ್ಲಿ ಹಿಂದಿನ ಕವರ್ ತೆಗೆದು ಬ್ಯಾಟರಿ ಕಿತ್ತಿಟ್ಟರೆ ಅರ್ಧ ಕೆಲಸ ಮುಗಿಯುತ್ತಿತ್ತು. ಈಗಿನವುಗಳಲ್ಲಿ ಅದಕ್ಕೂ ಅಂಗಡಿಗೇ ಹೋಗಬೇಕು.

ಇನ್ನು ಅಕ್ಕಿ. ಬೋರ್ಡಿನ ಮೇಲೆ ಚಿಪ್‌ಗಳನ್ನು ಮುಚ್ಚಲು ತಗಡಿನ ಶೀಲ್ಡ್‌ಗಳಿರುತ್ತವೆ. ನೀರು ಅದರ ಅಡಿಗೆ ನುಸುಳಿ ಕೂತರೆ ಹೊರಗಿರುವ ಅಕ್ಕಿ ಅದನ್ನು ಎಳೆದುಕೊಳ್ಳುವುದಿಲ್ಲ. ಲವಣವನ್ನಂತೂ ಯಾವ ಅಕ್ಕಿಯೂ ತೆಗೆಯುವುದಿಲ್ಲ. ಅದರ ಬದಲು ಅಕ್ಕಿಯ ಹಿಟ್ಟು, ನುಚ್ಚು ಒದ್ದೆ ಚಾರ್ಜಿಂಗ್ ಪೋರ್ಟಿಗೆ ಮೆತ್ತಿಕೊಳ್ಳುತ್ತದೆ. ಹಾಗೆ ಮೆತ್ತಿ ಗಟ್ಟಿಯಾದದ್ದನ್ನು ಸೂಜಿಯಲ್ಲಿ ಕೆರೆದು ತೆಗೆಯುವುದು ನಮಗೆ ಮಾಮೂಲು ಕೆಲಸ. ಐಫೋನ್ ಅನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಕಣಗಳಿಂದ ಹಾನಿಯಾಗಬಹುದು ಅಂತ ಆಪಲ್ ಕಂಪನಿಯೇ 2024ರಲ್ಲಿ ತನ್ನ ಸಲಹೆಯಲ್ಲಿ ಹೇಳಿತು. ನಮ್ಮಮ್ಮ ಅಕ್ಕಿಯಲ್ಲಿಟ್ಟರು, ಸರಿಹೋಯ್ತು ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಫೋನನ್ನು ಸುಮ್ನೆ ಮೇಜಿನ ಮೇಲೆ ಫ್ಯಾನ್ ಕೆಳಗೆ ಇಟ್ಟಿದ್ದರೂ ಸರಿಹೋಗುತ್ತಿತ್ತು.

ಈಗ ನೀವು ಮಾಡಬೇಕಾದದ್ದು. ಸಿಮ್ ಟ್ರೇ ಹೊರಗೆಳೆದು ಸಿಮ್ ಒರೆಸಿ, ಮನೆಯಲ್ಲಿರುವ ಬೇರೆ ಫೋನಿಗೆ ಹಾಕಿ. ಬ್ಯಾಂಕಿನ ಒಟಿಪಿ ಎಲ್ಲ ಆ ನಂಬರಿಗೇ ಬರುವುದರಿಂದ ಇದು ಮೊದಲು ಆಗಲಿ. ಮೆಮೊರಿ ಕಾರ್ಡ್ ಇದ್ದರೆ ಅದನ್ನೂ ತೆಗೆದಿಡಿ. ಫೋನಿನ ಕವರ್ ಬಿಚ್ಚಿ, ಚಾರ್ಜಿಂಗ್ ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ. ಜೋರಾಗಿ ಕೊಡವಬೇಡಿ, ಬಾಯಿಂದ ಊದಬೇಡಿ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ. ಬಿಸಿಗೆ ಅಂಚಿನ ಗಮ್ ಸಡಿಲವಾಗುತ್ತದೆ, ಗಾಳಿಯ ರಭಸಕ್ಕೆ ನೀರು ಇನ್ನೂ ಒಳಕ್ಕೆ, ಡಿಸ್‌ಪ್ಲೇ ಪದರಗಳ ಮಧ್ಯಕ್ಕೆ ಹೋಗುತ್ತದೆ, ಬ್ಯಾಟರಿಗೂ ಒಳ್ಳೆಯದಲ್ಲ. ಇಷ್ಟು ಮಾಡಿ ನಾಳೆ ಭಾನುವಾರ, ಸೋಮವಾರ ನೋಡೋಣ ಅಂತ ಕೂರದೆ ಇವತ್ತೇ ಅಂಗಡಿಗೆ ಒಯ್ಯಿರಿ. ವಾರಂಟಿ ಅಥವಾ ಇನ್ಶೂರೆನ್ಸ್ ಇದ್ದರೆ ಮಾತ್ರ ಮೊದಲು ಕಂಪನಿಯ ಸರ್ವಿಸ್ ಸೆಂಟರ್‌ಗೆ. ಹೊರಗೆ ಬಿಚ್ಚಿಸಿದ ಮೇಲೆ ಅವರು ಒಪ್ಪುವುದು ಕಷ್ಟ. ಸಾಮಾನ್ಯವಾಗಿ ವಾರಂಟಿಯಲ್ಲಿ ನೀರಿನ ಹಾನಿ ಬರುವುದಿಲ್ಲ, ಇನ್ಶೂರೆನ್ಸ್‌ನಲ್ಲಿ ಬರಬಹುದು. ನೀರಿಗೆ ಬಿದ್ದಿಲ್ಲ ಅಂತ ಹೇಳಿ ಪ್ರಯೋಜನವಿಲ್ಲ. ಎಷ್ಟೋ ಫೋನುಗಳಲ್ಲಿ ಸಿಮ್ ಸ್ಲಾಟ್ ಒಳಗೆ ಒಂದು ಸಣ್ಣ ಬಿಳಿ ಸ್ಟಿಕ್ಕರ್ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ.

ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಬೋರ್ಡ್ ಹೊರಗೆ ತೆಗೆದು ಕ್ಲೀನ್ ಮಾಡ್ತೀರಾ, ಇಲ್ಲಾ ಬ್ಲೋವರ್ ಹಿಡಿದು ಒಣಗಿಸಿ ಕೊಡ್ತೀರಾ? ಬರೀ ಒಣಗಿಸುವವರಾದರೆ ಬೇರೆ ಕಡೆ ಹೋಗಿ. ಎಸ್‌ಪಿ ರೋಡ್, ನ್ಯಾಷನಲ್ ಮಾರ್ಕೆಟ್ ಕಡೆ ಬೋರ್ಡ್ ಕೆಲಸ ಬಲ್ಲವರು ಸಿಗುತ್ತಾರೆ.

ಸರಿಯಾಗಿ ಮಾಡುವವರು ಹೀಗೆ ಮಾಡುತ್ತಾರೆ. ಹಿಂದಿನ ಗ್ಲಾಸನ್ನು ಹದವಾಗಿ ಬಿಸಿಮಾಡಿ ಬಿಡಿಸಿ, ಮೊಟ್ಟಮೊದಲು ಬ್ಯಾಟರಿ ಕನೆಕ್ಟರ್ ಎತ್ತುತ್ತಾರೆ. ಆಮೇಲೆ ಬೋರ್ಡ್ ಹೊರಗೆ, ಶೀಲ್ಡ್ ಹೊರಗೆ. ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಎಲ್ಲ ಕಾಣುತ್ತದೆ. ನೀರು ನಿಂತ ಕಡೆ ಬಿಳಿ ಉಂಗುರ, ಚಾರ್ಜಿಂಗ್ ನೋಡಿಕೊಳ್ಳುವ ಚಿಪ್‌ನ ಸುತ್ತ ಕೆಪಾಸಿಟರ್ ಅನ್ನುವ ಸಾಸಿವೆಗಿಂತ ಚಿಕ್ಕ ಬಿಡಿಭಾಗಗಳ ಬುಡದಲ್ಲಿ ಹಸಿರು ಪುಡಿ, ಡಿಸ್‌ಪ್ಲೇ ಕನೆಕ್ಟರ್‌ನ ಒಂದೆರಡು ಪಿನ್ ಕಪ್ಪು. ಐಪಿಎ ಅಂತೀವಲ್ಲ, ಐಸೊಪ್ರೊಪೈಲ್ ಆಲ್ಕೊಹಾಲ್, 99 ಪರ್ಸೆಂಟಿನದ್ದು, ಅದರಲ್ಲಿ ಬ್ರಷ್ ಅದ್ದಿ ಉಜ್ಜುತ್ತಾರೆ. ಚಿಪ್ ಅಡಿಯಲ್ಲಿ ಕೂತದ್ದಕ್ಕೆ ಅಲ್ಟ್ರಾಸೋನಿಕ್ ಮೆಷಿನ್, ದ್ರವದಲ್ಲಿ ಶಬ್ದದ ಅಲೆ ಎಬ್ಬಿಸಿ ಕೊಳೆ ಬಿಡಿಸುವಂಥದ್ದು. ಒಣಗಿದ ಮೇಲೆ ಬ್ಯಾಟರಿ ಬದಲು ಪವರ್ ಸಪ್ಲೈಗೆ ಜೋಡಿಸಿ ಮೀಟರ್ ನೋಡುತ್ತಾರೆ. ಪವರ್ ಬಟನ್ ಒತ್ತುವ ಮೊದಲೇ ಮುಳ್ಳು ಜಾಸ್ತಿ ಏರಿದರೆ ಎಲ್ಲೋ ಶಾರ್ಟ್ ಇದೆ ಅಂತ ಲೆಕ್ಕ. ನಿನ್ನೆ ಬಿದ್ದ ಸೆಟ್‌ನಲ್ಲಿ ಆ ಹಸಿರು ಇನ್ನೂ ಬ್ರಷ್‌ಗೆ ಬರುತ್ತದೆ. ವಾರ ಬಿಟ್ಟು ತಂದರೆ ಎಷ್ಟೋ ಸಲ ಪುಡಿಯ ಜೊತೆಗೆ ಪಿನ್ನೇ ಕಿತ್ತು ಬರುತ್ತದೆ.

ಮಗಳ ಫೋಟೋಗಳು ಅದರಲ್ಲೇ ಇವೆ, ಬ್ಯಾಕಪ್ ಇಲ್ಲ ಅಂತಲೂ ಬರೆದಿದ್ದೀರಿ. ಹಾಗಾದರೆ ಅಂಗಡಿಯವರಿಗೆ ಮೊದಲೇ ಹೇಳಿ: ಫೋನ್ ಹೋದರೂ ಪರವಾಗಿಲ್ಲ, ಡೇಟಾ ಬೇಕು. ಈಗಿನ ಫೋನುಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಗುಟ್ಟಿನ ಲಿಪಿಯಲ್ಲಿ ಬೀಗ ಹಾಕಿದಂತೆ ಇರುತ್ತದೆ, ಅದರ ಕೀಲಿ ಆ ಬೋರ್ಡಿನ ಪ್ರೊಸೆಸರ್‌ಗೇ ಕಟ್ಟಿಕೊಂಡಿರುತ್ತದೆ. ಮೆಮೊರಿ ಚಿಪ್ ಒಂದನ್ನೇ ಕಿತ್ತು ಬೇರೆಡೆ ಓದಿಸಲು ಆಗುವುದಿಲ್ಲ. ಅದೇ ಬೋರ್ಡಿಗೆ ಜೀವ ಬರಬೇಕು. ಬೋರ್ಡ್ ಬದಲಿಸಿ ಕೊಡ್ತೀವಿ ಅಂದರೆ ಒಪ್ಪಬೇಡಿ, ಅಥವಾ ಹಳೇ ಬೋರ್ಡನ್ನು ಕೇಳಿ ಇಸ್ಕೊಳ್ಳಿ.

ಫೋನ್ ಐಪಿ68, ಅಂದರೆ ಧೂಳು, ನೀರು ಒಳಗೆ ಹೋಗದಂತೆ ಪರೀಕ್ಷಿಸಿದ ದರ್ಜೆಯದು, ಆದರೂ ನೀರು ಹೋಯಿತು ಅಂತ ಬೇಜಾರು ಮಾಡಿಕೊಂಡಿದ್ದೀರಿ. ಆ ಪರೀಕ್ಷೆ ಹೊಸ ಫೋನಿಗೆ, ಲ್ಯಾಬ್‌ನಲ್ಲಿ, ಶುದ್ಧ ನೀರಿನಲ್ಲಿ ಮಾಡಿದ್ದು. ನೀವು ಹೋದ ವರ್ಷ ಡಿಸ್‌ಪ್ಲೇ ಹಾಕಿಸಿದ್ದೀರಿ. ಒಮ್ಮೆ ಬಿಚ್ಚಿದ ಫೋನಿಗೆ ಹೊಸ ಸೀಲ್ ಸರಿಯಾಗಿ ಕೂರಿಸದಿದ್ದರೆ ಆ 68ಕ್ಕೆ ಅರ್ಥವಿಲ್ಲ.

ಇದನ್ನು ಓದುವ ಬೇರೆಯವರಿಗೆ: ಸಂಪ್‌ಗೆ ಫೋನ್ ಬಿದ್ದರೆ ಮೊದಲು ಮೋಟರ್‌ನ ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಕೋಲಿಗೆ ಜಾಲರಿ ಕಟ್ಟಿ ತೆಗೆಯಿರಿ. ಸಂಪ್ ಒಳಗೆ ಇಳಿಯಬೇಡಿ, ಮಕ್ಕಳನ್ನಂತೂ ಇಳಿಸಲೇಬೇಡಿ. ಗೋಕರ್ಣದಲ್ಲಿ ಸಮುದ್ರಕ್ಕೆ ಬಿದ್ದಿದ್ದರೆ, ಅಥವಾ ಸೋಪಿನ ನೀರಿಗೆ ಬಿದ್ದಿದ್ದರೆ, ಫೋನ್ ಆಫ್ ಮಾಡಿ ಒಳ್ಳೇ ನೀರಿನಲ್ಲಿ ಒಮ್ಮೆ ತೊಳೆದು ತಕ್ಷಣ ಅಂಗಡಿಗೆ ತನ್ನಿ. ಉಪ್ಪು ಒಳಗೇ ಒಣಗುವುದಕ್ಕಿಂತ ಅದು ವಾಸಿ.

ಕ್ಲೀನ್ ಆಗಿ ಫೋನ್ ಆನ್ ಆದರೆ ಅಂಗಡಿಯಲ್ಲೇ ಕೂತು ಫೋಟೋಗಳನ್ನು ಕಾಪಿ ಮಾಡಿಸಿಕೊಳ್ಳಿ, ಮನೆಗೆ ಬಂದು ಮಾಡೋಣ ಅನ್ನಬೇಡಿ. ಆಮೇಲೆ ಕೆಲವು ವಾರ ರಾತ್ರಿ ದಿಂಬಿನ ಪಕ್ಕ ಚಾರ್ಜಿಗೆ ಹಾಕಬೇಡಿ. ಹಿಂದಿನ ಗ್ಲಾಸ್ ಎದ್ದಂತೆ ಕಂಡರೆ, ಫೋನ್ ಸುಮ್ನೆ ಇದ್ದಾಗಲೂ ಬಿಸಿಯಾದರೆ, ಅದನ್ನು ಒತ್ತದೆ ಆಫ್ ಮಾಡಿ ತಂದು ಬ್ಯಾಟರಿ ಬದಲಿಸಿಕೊಳ್ಳಿ.